ಗೋಧಿಯನ್ನೇ ನಂಬಿದ್ದೆವು, ಈಗ ಗೋಧಿಯೇ ಬೇಡವಂತೆ

ಪ್ರಶ್ನೆ: ನನ್ನ 13 ವರ್ಷದ ಮಗಳಿಗೆ ನಾಲ್ಕು ವರ್ಷಗಳಿಂದ ಟೈಪ್ 1 ಮಧುಮೇಹವಿದ್ದು, ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾಳೆ. ಸಕ್ಕರೆ ಹಿಡಿತದಲ್ಲಿರಲೆಂದು ಅನ್ನ, ಮುದ್ದೆ ಬಿಡಿಸಿ ಎರಡು ಹೊತ್ತೂ ಚಪಾತಿ ಕೊಡುತ್ತಿದ್ದೆವು. ಆದರೂ ಊಟವಾದ ಮೇಲೆ ಸಕ್ಕರೆ ಇದ್ದಕ್ಕಿದ್ದಂತೆ ಇಳಿಯುತ್ತಿತ್ತು, ರಕ್ತಹೀನತೆಯೂ ಇತ್ತು. ಈಗ ರಕ್ತಪರೀಕ್ಷೆ, ಎಂಡೋಸ್ಕೋಪಿ ಮಾಡಿ ಸೀಲಿಯಾಕ್ ಕಾಯಿಲೆ ಎಂದಿದ್ದಾರೆ. ಗೋಧಿಯನ್ನು ಪೂರ್ತಿ ನಿಲ್ಲಿಸಬೇಕಂತೆ. ವಾರಕ್ಕೊಮ್ಮೆಯಾದರೂ ಚಪಾತಿ ಕೊಡಬಹುದೆ? ಮುದ್ದೆ ಎಷ್ಟು ಕೊಡಬೇಕು?
– ಒಬ್ಬ ತಾಯಿ, ಮಂಡ್ಯ

ಉತ್ತರ: ವಾರಕ್ಕೊಮ್ಮೆಯೂ ಬೇಡ. ಮಧುಮೇಹದಲ್ಲಿ ಒಂದು ತುತ್ತು ಹೆಚ್ಚು ತಿಂದರೆ ಲೆಕ್ಕ ಹಾಕಿ ಇನ್ಸುಲಿನ್ ಕೊಡುವ ದಾರಿಯಾದರೂ ಇದೆ, ಸೀಲಿಯಾಕ್‌ನಲ್ಲಿ ಅದಿಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿರುವ ಗ್ಲೂಟೆನ್ ಎಂಬ ಪ್ರೋಟೀನ್ ಹೊಟ್ಟೆಗೆ ಹೋದಾಗ ದೇಹದ ರಕ್ಷಣಾ ವ್ಯವಸ್ಥೆಯೇ ಸಣ್ಣ ಕರುಳಿನ ಒಳಪದರವನ್ನು ಹಾಳು ಮಾಡುತ್ತದೆ. ಮೇದೋಜ್ಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳನ್ನು ನಾಶಪಡಿಸಿದ್ದೂ ಇದೇ ವ್ಯವಸ್ಥೆಯಾದ್ದರಿಂದ, ಎರಡೂ ಕಾಯಿಲೆಗಳು ಒಬ್ಬರಲ್ಲೇ ಕಾಣಿಸಿಕೊಳ್ಳುವುದು ತೀರ ಅಪರೂಪವಲ್ಲ. ನಿಮ್ಮ ಚಪಾತಿಯಿಂದ ಬಂದ ಕಾಯಿಲೆಯೆಂದು ಕೊರಗಬೇಡಿ.

ಹಾಳಾದ ಕರುಳು ಊಟದ ಸಾರವನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಚುಚ್ಚಿಕೊಂಡ ಇನ್ಸುಲಿನ್ ಮಾತ್ರ ತನ್ನ ಕೆಲಸ ಮಾಡುತ್ತಲೇ ಇರುತ್ತದೆ; ಸಕ್ಕರೆ ಇಳಿಯುತ್ತಿದ್ದುದಕ್ಕೆ ಇದು ಕಾರಣವಿರಬಹುದು. ಗೋಧಿ ಬಿಟ್ಟು ಕರುಳು ವಾಸಿಯಾಗುತ್ತ ಬಂದಂತೆ ಸಕ್ಕರೆ ಏರತೊಡಗಿದರೆ ಗಾಬರಿಯಾಗದೆ, ಬರೆದಿಟ್ಟ ಅಳತೆಗಳನ್ನು ವೈದ್ಯರಿಗೆ ತೋರಿಸಿ. ಇನ್ಸುಲಿನ್ ಪ್ರಮಾಣವನ್ನು ಅವರು ಹೆಚ್ಚಿಸಬೇಕಾಗಬಹುದು.

ರಾಗಿ, ಅಕ್ಕಿ, ಜೋಳ, ನವಣೆ, ಸಾಮೆಗಳಲ್ಲಿ ಗ್ಲೂಟೆನ್ ಇಲ್ಲ. ಹಾಗಾಗಿ ಮುದ್ದೆ ಮತ್ತೆ ತಟ್ಟೆಗೆ ಬರಲಿ. ಆದರೆ ರಾಗಿ ಸಕ್ಕರೆ ಏರಿಸುವುದಿಲ್ಲವೆಂಬ ನಮ್ಮ ಕಡೆಯ ನಂಬಿಕೆ ನಿಜವಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಹೆಚ್ಚುಕಡಿಮೆ 70 ಗ್ರಾಂ ಕಾರ್ಬೋಹೈಡ್ರೇಟ್ ಇರುತ್ತದೆ. ಕಣ್ಣಳತೆ ಬಿಟ್ಟು, ಹಿಟ್ಟನ್ನು ತೂಗಿ ಮುದ್ದೆ ಕಟ್ಟಿ. 50 ಗ್ರಾಂ ಹಿಟ್ಟಿನ ಮುದ್ದೆಯೆಂದರೆ 35 ಗ್ರಾಂ ಕಾರ್ಬೋಹೈಡ್ರೇಟ್ ಎಂದು ಹಿಡಿದು, ಎಷ್ಟು ಕೊಡಬೇಕೆಂಬುದನ್ನು ಅವಳ ಇನ್ಸುಲಿನ್‌ಗೆ ಹೊಂದಿಸಿ ವೈದ್ಯರೊಂದಿಗೆ ನಿರ್ಧರಿಸಿ. ಜೊತೆಗೆ ಸೊಪ್ಪು, ಕಾಳು ಧಾರಾಳವಾಗಿರುವ ಉಪ್ಸಾರಿರಲಿ.

ನನಗೆ ಹೆಚ್ಚು ಭಯವಿರುವುದು ಹಿಟ್ಟಿನ ಗಿರಣಿಯ ಬಗ್ಗೆ. ಗೋಧಿ ಬೀಸಿದ ಮೇಲೆ ರಾಗಿ ಸುರಿದರೆ ಮೊದಲು ಬೀಳುವ ಹಿಟ್ಟು ಬಿಳಿಚಿಕೊಂಡಿರುವುದನ್ನು ನೀವೂ ನೋಡಿರುತ್ತೀರಿ. ಆ ಬಿಳುಪು ಗೋಧಿಯದೇ. ಗ್ಲೂಟೆನ್‌ರಹಿತ ಎಂದು ಮಾರುವ ಆಹಾರದಲ್ಲಿ ಕಿಲೋಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲೂಟೆನ್ ಇರಕೂಡದೆಂಬ ನಿಯಮವಿದೆಯೆಂದರೆ, ಒಂದು ಹಿಡಿ ಗೋಧಿ ಹಿಟ್ಟು ಎಷ್ಟು ದೊಡ್ಡದೆಂದು ಊಹಿಸಿ. ರಾಗಿಯನ್ನು ಮನೆಯಲ್ಲೇ ಬೀಸಿಕೊಳ್ಳಿ, ಇಲ್ಲವೇ ರಾಗಿ ಮಾತ್ರ ಬೀಸುವ ಗಿರಣಿ ಹುಡುಕಿ.

ಇಂಗಿನ ಡಬ್ಬಿಯನ್ನೂ ತಿರುಗಿಸಿ ಓದಿ; ಅನೇಕ ಕಡೆ ಅದಕ್ಕೆ ಗೋಧಿ ಹಿಟ್ಟು ಬೆರೆಸಿರುತ್ತಾರೆ. ರವೆ, ಮೈದಾ ಸೇರುವ ಮದ್ದೂರು ವಡೆ ಬೇಡ. ಮೈಸೂರು ಪಾಕ್ ಕಡಲೆ ಹಿಟ್ಟಿನದಾದರೂ ಅದರ ಸಕ್ಕರೆಯ ಕಥೆ ನಿಮಗೇ ಗೊತ್ತು.

ಸಕ್ಕರೆ 70ಕ್ಕಿಂತ ಇಳಿದಾಗಲೆಂದು ಶಾಲೆಯ ಚೀಲದಲ್ಲಿ ಬಿಸ್ಕತ್ತು ಇಟ್ಟಿದ್ದರೆ ಇಂದೇ ತೆಗೆದು, 15 ಗ್ರಾಂ ಗ್ಲೂಕೋಸ್ ಪುಡಿಯ ಪೊಟ್ಟಣಗಳನ್ನಿಡಿ. ತರಗತಿಯ ಶಿಕ್ಷಕರಿಗೂ ಇದನ್ನು ತಿಳಿಸಿ.