ಮೇಜಿನಷ್ಟು ದೊಡ್ಡ ಗೇಮ್ ಕಂಟ್ರೋಲರ್

ಪ್ರಶ್ನೆ: ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ನಿಂಟೆಂಡೊ ಎನ್‌ಇಎಸ್ (ಟಿವಿಗೆ ಜೋಡಿಸುವ ಹಳೇ ಆಟದ ಯಂತ್ರ) ಕಂಟ್ರೋಲರನ್ನು ಹತ್ತು ಪಟ್ಟು ದೊಡ್ಡದಾಗಿ ಮಾಡಿ ಅದರಲ್ಲೇ ಆಟ ಆಡಿಸಬೇಕೆಂದಿದ್ದೇವೆ. ಹಳೇ ಕಂಟ್ರೋಲರಿನ ಬೋರ್ಡನ್ನೇ ಬಳಸಬಹುದೆ?

ಉತ್ತರ: ಬಳಸಬಹುದು, ಆದರೆ ರಗಳೆ. ಗುಂಡಿಗಳ ಕೆಳಗಿನ ಕಪ್ಪು ಕಾರ್ಬನ್ ಪದರಕ್ಕೆ ಸೋಲ್ಡರ್ ಹಿಡಿಯುವುದಿಲ್ಲ. ತಂತಿಯನ್ನು ಚಿಪ್ಪಿನ ಕಾಲಿಗೇ ಬೆಸೆಯಬೇಕು. ನಮ್ಮ ಪೇಟೆಗಳಲ್ಲಿ ಸಿಗುತ್ತಿದ್ದ ನಕಲಿ ಸೆಟ್ಟುಗಳಲ್ಲಾದರೆ ಚಿಪ್ ಹೆಚ್ಚಾಗಿ ಕರಿ ಅಂಟಿನ ಮುದ್ದೆಯೊಳಗಿರುತ್ತದೆ, ಕಾಲೇ ಕಾಣಿಸದು.

ಹೊಸದಾಗಿ ಕಟ್ಟುವುದೇ ಸಲೀಸು. ಮೂಲ ಕಂಟ್ರೋಲರಿನೊಳಗೆ ಇರುವುದು 4021 ಎಂಬ ಒಂದೇ ಚಿಪ್. ಕನ್ಸೋಲಿನಿಂದ, ಅಂದರೆ ಆಟದ ಯಂತ್ರದಿಂದ, ‘ಲ್ಯಾಚ್’ ಎಂಬ ಸಂಕೇತ ಬಂದಾಗ ಅದು ಎಂಟೂ ಗುಂಡಿಗಳ ಸ್ಥಿತಿಯನ್ನು ಹಿಡಿದಿಟ್ಟುಕೊಂಡು, ‘ಕ್ಲಾಕ್’ ಎಂಬ ಮಿಡಿತ ಬಂದಂತೆಲ್ಲ ಒಂದೊಂದಾಗಿ ಕಳಿಸುತ್ತದೆ. ಎಂಟು ಗುಂಡಿಗೆ ಐದೇ ತಂತಿ ಸಾಲುವುದು ಇದರಿಂದಲೇ. ಪಿನ್‌ಗಳು (ಚಿಪ್ಪಿನ ಕಾಲುಗಳು) ಹೀಗೆ: ಎ 1, ಬಿ 15, ಸೆಲೆಕ್ಟ್ 14, ಸ್ಟಾರ್ಟ್ 13, ಮೇಲೆ 4, ಕೆಳಗೆ 5, ಎಡ 6, ಬಲ 7. ಲ್ಯಾಚ್ 9, ಕ್ಲಾಕ್ 10, ಡೇಟಾ (ಗುಂಡಿಗಳ ಸ್ಥಿತಿ ಹೊರಹೋಗುವ ತಂತಿ) 3. 16ಕ್ಕೆ 5 ವೋಲ್ಟ್. 8 ಮತ್ತು 11 ಗ್ರೌಂಡಿಗೆ, ಅಂದರೆ 0 ವೋಲ್ಟ್ ತಂತಿಗೆ. ಪ್ರತಿ ಗುಂಡಿಯ ಪಿನ್ನಿನಿಂದ 5 ವೋಲ್ಟಿಗೆ 10 ಕಿಲೋಓಮ್ ರೆಸಿಸ್ಟರ್ ಹಾಕಿ. ಗುಂಡಿ ಒತ್ತಿದಾಗ ಆ ಪಿನ್ ಗ್ರೌಂಡಿಗೆ ಸೇರಬೇಕು. ರೆಸಿಸ್ಟರ್ ಬಿಟ್ಟರೆ ಯಾರೂ ಮುಟ್ಟದಿದ್ದರೂ ಆಟ ತಾನೇ ಓಡತೊಡಗುತ್ತದೆ. 16 ಮತ್ತು 8ರ ನಡುವೆ 0.1 ಮೈಕ್ರೊಫ್ಯಾರಡ್ ಕೆಪಾಸಿಟರನ್ನೂ ಮರೆಯಬೇಡಿ.

ಪ್ರಶ್ನೆ: ಕನ್ಸೋಲ್ ಇಲ್ಲ, ಲ್ಯಾಪ್‌ಟಾಪ್ ಇದೆ.

ಉತ್ತರ: ಹಾಗಾದರೆ 4021 ಬೇಡವೇ ಬೇಡ. ಆರ್ಡುಯಿನೊ ಲಿಯೊನಾರ್ಡೊ ಎಂಬ ಪ್ರೋಗ್ರಾಂ ಮಾಡಬಹುದಾದ ಪುಟ್ಟ ಬೋರ್ಡ್ ಕೊಳ್ಳಿ. ಯುಎಸ್‌ಬಿಯಲ್ಲಿ ಕೀಬೋರ್ಡಿನಂತೆ ವರ್ತಿಸುತ್ತದೆ. ಅಗ್ಗವೆಂದು ಅದೇ ಸಾಲಿನ ಊನೊ ಆರ್3 ತಂದರೆ ಆ ಕೆಲಸ ನೇರವಾಗಿ ಆಗದು.

ಪ್ರಶ್ನೆ: ಗುಂಡಿಯ ಅಂಚನ್ನು ಒತ್ತಿದರೆ ಓರೆಯಾಗಿ ಸಿಕ್ಕಿಕೊಳ್ಳುತ್ತದೆ. ಒಮ್ಮೆ ಒತ್ತಿದರೆ ಎರಡು ಸಲ ಜಿಗಿಯುವುದೂ ಉಂಟು. ಏನು ಮಾಡಲಿ?

ಉತ್ತರ: ದೊಡ್ಡ ಗುಂಡಿಯ ಮುಖ್ಯ ತಲೆನೋವೇ ಇದು. ಎಲೆಕ್ಟ್ರಾನಿಕ್ಸ್‌ಗಿಂತ ಮರಗೆಲಸಕ್ಕೇ ಹೆಚ್ಚು ಸಮಯ ಇಟ್ಟುಕೊಳ್ಳಿ. ಗುಂಡಿಯ ಬಿಲ್ಲೆ ಓರೆಯಾಗದಂತೆ ತಡೆಯಲು ಹೋಗಬೇಡಿ, ಓರೆಯಾದರೂ ಕೆಲಸ ಮಾಡುವಂತೆ ಮಾಡಿ: ಎರಡು ಎದುರು ಬದಿಗಳಲ್ಲಿ ಒಂದೊಂದು ಲೀವರ್ ಮೈಕ್ರೊಸ್ವಿಚ್ (ಸಣ್ಣ ಪಟ್ಟಿ ಒತ್ತಿದರೆ ಕೆಲಸ ಮಾಡುವ ಸ್ವಿಚ್) ಇಟ್ಟು ಪ್ಯಾರಲಲ್ ಜೋಡಿಸಿ, ಯಾವುದೊಂದು ಒತ್ತಿದರೂ ಸಾಕಾಗುವಂತೆ. ತಂತಿ ‘ಕಾಮ್’ (ಎರಡಕ್ಕೂ ಸಾಮಾನ್ಯವಾದ ಕಾಲು) ಮತ್ತು ‘ಎನ್‌ಒ’ (ಒತ್ತಿದಾಗ ಮಾತ್ರ ಸೇರುವ ಕಾಲು) ಇವೆರಡಕ್ಕೆ ಹೋಗಬೇಕು; ‘ಎನ್‌ಸಿ’ಗೆ (ಒತ್ತದಿದ್ದಾಗ ಸೇರಿರುವ ಕಾಲು) ಹೋದರೆ ಗುಂಡಿ ಮುಟ್ಟದಿದ್ದಾಗಲೂ ಒತ್ತಿದಂತೆಯೇ. ಬಿಲ್ಲೆಯ ಸುತ್ತ 3 ಮಿಲಿಮೀಟರ್ ಸಂದು ಬಿಡಿ, ಅದೂ ಬಣ್ಣ ಬಳಿದ ಮೇಲೆ ಅಳೆದು. ಮಳೆಗಾಲದಲ್ಲಿ ಪ್ಲೈವುಡ್ ಊದಿಕೊಂಡರೆ ಸಂದು ಇನ್ನೂ ಕಿರಿದಾಗುತ್ತದೆ.

ಎರಡು ಸಲ ಜಿಗಿಯುವುದಕ್ಕೆ ಸ್ವಿಚ್ಚನ್ನು ದೂರಬೇಡಿ. ಕನ್ಸೋಲ್ ಸೆಕೆಂಡಿಗೆ ಸುಮಾರು 60 ಸಲ ಓದುತ್ತದೆ. ಸ್ವಿಚ್ಚಿನ ಕಂಪನ ಸಾಮಾನ್ಯವಾಗಿ ಅಷ್ಟರೊಳಗೆ ನಿಂತಿರುತ್ತದೆ. ಪುಟಿಯುವುದು ಸ್ಪ್ರಿಂಗ್ ಮೇಲೆ ಕೂತ ಭಾರದ ಬಿಲ್ಲೆ. ಸ್ಪ್ರಿಂಗ್ ತೆಗೆದು ಗಟ್ಟಿ ಫೋಮ್ ತುಂಡು ಇಡಿ. ಕೆಳಗೆ ಮರದ ತಡೆಯನ್ನೂ ಕೊಡಿ, ಮಗು ಮೈಭಾರ ಬಿಟ್ಟರೆ ಅದು ತಡೆಯ ಮೇಲೆ ಬೀಳಲಿ, ಲೀವರಿನ ಮೇಲಲ್ಲ.

ಪ್ರಶ್ನೆ: ದಿಕ್ಕಿನ ಪ್ಲಸ್ ಗುಂಡಿಯನ್ನು ನಾಲ್ಕು ತುಂಡಾಗಿ ಮಾಡಬಹುದೆ?

ಉತ್ತರ: ಬೇಡ. ಎಡ, ಬಲ ಒಟ್ಟಿಗೆ ಒತ್ತಲು ಮೂಲ ಕಂಟ್ರೋಲರಿನಲ್ಲಿ ಆಗುತ್ತಿರಲಿಲ್ಲ. ಹಾಗೆ ಒತ್ತಿದರೆ ಕೆಲವು ಆಟಗಳು ಹದಗೆಡುತ್ತವೆ. ಇಡೀ ಪ್ಲಸ್ಸನ್ನು ಒಂದೇ ತುಂಡಾಗಿ ಕತ್ತರಿಸಿ, ನಡುವೆ ಅರ್ಧ ರಬ್ಬರ್ ಚೆಂಡು ಇಟ್ಟು ಅದರ ಮೇಲೆ ವಾಲುವಂತೆ ಕೂರಿಸಿ, ನಾಲ್ಕು ತುದಿಗಳ ಕೆಳಗೆ ಒಂದೊಂದು ಸ್ವಿಚ್. ಚೆಂಡು ಮೆತ್ತಗಿದ್ದರೆ ಇಡೀ ಪ್ಲಸ್ ಕುಸಿದು ನಾಲ್ಕೂ ಒಟ್ಟಿಗೆ ತಗಲುತ್ತವೆ, ಗಟ್ಟಿಯದನ್ನೇ ಆರಿಸಿ.