ಅಜ್ಜಿಯ ಪುಟದಿಂದ ಶುರು ಮಾಡಿ

ಮಾನ್ಯರೇ,

ಕುಮಟೆಯಿಂದ ನೀವು ಕಳಿಸಿದ ‘ಕ್ವಾಂಟಂ ಲೋಕದಲ್ಲಿ ಕಾಲ’ ಲೇಖನವನ್ನು ಎರಡು ಸಲ ಓದಿದೆ. ಈಗಿರುವಂತೆ ಪ್ರಕಟಿಸಲಾರೆ. ಆದರೆ ನಾಲ್ಕನೆಯ ಪುಟ ಓದಿದ ಮೇಲೆ ಇದನ್ನು ಕೈಬಿಡಲೂ ಮನಸ್ಸಿಲ್ಲ.

ಮೊದಲು ತಕರಾರು. ‘ಕ್ವಾಂಟಂ ವಿಜ್ಞಾನದಲ್ಲಿ ಕಾಲವೇ ಇಲ್ಲ’ ಎಂದು ಆರಂಭಿಸಿ, ಮರುಪುಟದಲ್ಲಿ ‘ಇಂದಿನ ವೀಕ್ಷಣೆ ನಿನ್ನೆಯನ್ನು ಬದಲಿಸುತ್ತದೆ’ ಎನ್ನುತ್ತೀರಿ. ಎರಡೂ ಒಟ್ಟಿಗೆ ನಿಲ್ಲುವುದಿಲ್ಲ. ಎರಡನೆಯದಕ್ಕೆ ಭೌತವಿಜ್ಞಾನಿ ವೀಲರ್ ಅವರ ‘ತಡವಾದ ಆಯ್ಕೆ’ಯ ಪ್ರಯೋಗವನ್ನು ಆಧಾರ ಮಾಡಿಕೊಂಡಿದ್ದೀರಿ. ಬೆಳಕಿನ ಕಣ, ಅಂದರೆ ಫೋಟಾನ್, ಹೊರಟ ಮೇಲೆ ಅದನ್ನು ಹೇಗೆ ಅಳೆಯುವುದೆಂದು ಅಲ್ಲಿ ಆರಿಸುತ್ತಾರೆ. ಅಳೆಯುವ ಮೊದಲು ಫೋಟಾನ್ ಇಂಥದೇ ದಾರಿ ಹಿಡಿಯಿತು ಎನ್ನಲು ನಮಗೆ ಹಕ್ಕಿಲ್ಲ ಎಂಬುದು ವೀಲರ್ ಅವರ ವಾದ. ನಿಶ್ಚಿತವಾದ ನಿನ್ನೆಯೇ ಇಲ್ಲದಾಗ ಬದಲಾಗುವುದು ಯಾವುದು?

ಇನ್ನು ‘ಕಾಲವೇ ಇಲ್ಲ’ ಎಂಬ ಮೊದಲ ಮಾತು. ಕಣದ ಸ್ಥಿತಿ ಹೇಗೆ ಬದಲಾಗುತ್ತದೆ ಎಂದು ಹೇಳುವ, ಶ್ರೋಡಿಂಗರ್ 1926ರಲ್ಲಿ ಕೊಟ್ಟ ಸಮೀಕರಣದಲ್ಲಿ ಕಾಲ ಖಂಡಿತ ಇದೆ. ಕಣದ ಸ್ಥಾನವನ್ನು ಅಳೆಯಬೇಕು. ಕಾಲ ಮಾತ್ರ ಗೋಡೆಯ ಗಡಿಯಾರದ ಹಾಗೆ ಹೊರಗೇ ಉಳಿಯುತ್ತದೆ. ಆ ಸಮೀಕರಣ ಮುಂದಕ್ಕೂ ಹಿಂದಕ್ಕೂ ಸಮನಾಗಿ ನಡೆಯುತ್ತದೆ. ಅಳತೆಯಾದಾಗ ಹಲವು ಸಾಧ್ಯತೆಗಳ ತರಂಗ ಒಂದೇ ಫಲಿತಾಂಶಕ್ಕೆ ಕುಸಿಯುತ್ತದೆ ಎಂದು ಹೇಳಿದ ಕೂಡಲೇ ಹಿಂದಿರುಗಲಾಗದ ಒಂದು ಹೆಜ್ಜೆ ಸೇರುತ್ತದೆ. ಭೌತವಿಜ್ಞಾನಿ ಎವರೆಟ್ 1957ರಲ್ಲಿ ಆ ಕುಸಿತವನ್ನೇ ತೆಗೆದುಹಾಕಿದರು. ಕ್ವಾಂಟಂ ವಿಜ್ಞಾನದ ಅರ್ಥವೇನು ಎಂಬ ವ್ಯಾಖ್ಯಾನಗಳ ಜಗಳದಲ್ಲಿ ಕಾಲ ಪ್ರವೇಶಿಸುವುದು ಇಲ್ಲಿ. ಇದಕ್ಕೆ ನೀವು ಎರಡೇ ಸಾಲು ಕೊಟ್ಟು, ಕಾಲಚಕ್ರದ ಪುರಾಣಕ್ಕೆ ಒಂದೂವರೆ ಪುಟ ಕೊಟ್ಟಿದ್ದೀರಿ. ಪುರಾಣ ತೆಗೆಯಿರಿ.

ಈಗ ನಾಲ್ಕನೆಯ ಪುಟ. ಅಘನಾಶಿನಿ ಅಳಿವೆಗೆ ಬಳಚು ಎಂಬ ಚಿಪ್ಪುಜೀವಿಯನ್ನು ಹೆಕ್ಕಲು ಹೊರಡುವ ನಿಮ್ಮ ಅಜ್ಜಿ ಗಡಿಯಾರ ನೋಡುವುದಿಲ್ಲ. ಗಜನಿ (ಉಪ್ಪುನೀರಿನ ಗದ್ದೆ) ಕಟ್ಟೆಯ ಕಲ್ಲಿನ ಮೇಲಿರುವ ಪಾಚಿಯ ಗೆರೆಯಿಂದ ನೀರು ಎಷ್ಟು ಇಳಿದಿದೆ ಎಂದು ನೋಡಿ ಬುಟ್ಟಿ ಎತ್ತುತ್ತಾರೆ. ಎಷ್ಟು ಚೆನ್ನಾದ ಚಿತ್ರ! ಅದನ್ನು ಬರೆದು ಹಾಗೆಯೇ ಬಿಟ್ಟಿದ್ದೀರಿ. ಇಡೀ ವಿಶ್ವಕ್ಕೆಂದು ಬರೆದ ವೀಲರ್–ಡಿವಿಟ್ ಸಮೀಕರಣದಲ್ಲಿ (1967) ಕಾಲ ಕಾಣಿಸುವುದೇ ಇಲ್ಲ. ನಿಮ್ಮ ಮೊದಲ ವಾಕ್ಯದ ಮೂಲ ಅದು. ಹಾಗಾದರೆ ಬದಲಾವಣೆ ಕಾಣುವುದು ಹೇಗೆ? 1983ರಲ್ಲಿ ಭೌತವಿಜ್ಞಾನಿಗಳಾದ ಪೇಜ್ ಮತ್ತು ವೂಟರ್ಸ್ ಅದಕ್ಕೊಂದು ದಾರಿ ತೋರಿಸಿದರು: ಒಟ್ಟು ವಿಶ್ವ ನಿಶ್ಚಲವಾಗಿದ್ದರೂ, ಅದರ ಒಂದು ಭಾಗವನ್ನು ಗಡಿಯಾರವಾಗಿ ಹಿಡಿದರೆ ಉಳಿದದ್ದು ಅದಕ್ಕೆ ತಕ್ಕಂತೆ ಬದಲಾಗುವುದು ಕಾಣುತ್ತದೆ. ಅಜ್ಜಿಗೆ ನೀರಿನ ಮಟ್ಟವೇ ಗಡಿಯಾರ. ಹೋಲಿಕೆ ಎಲ್ಲಿ ನಿಲ್ಲುತ್ತದೆ ಎಂಬುದನ್ನೂ ಬರೆಯಿರಿ: ಅಳಿವೆಯ ನೀರನ್ನು ಎತ್ತಿ ಇಳಿಸಲು ಹೊರಗೆ ಚಂದ್ರನಿದ್ದಾನೆ, ವಿಶ್ವಕ್ಕೆ ಹೊರಗೆಂಬುದಿಲ್ಲ.

ಲೇಖನ ಅಲ್ಲಿಂದಲೇ ಶುರುವಾಗಲಿ. ಗೆರೆಯಿಂದ ನೀರು ಎಷ್ಟು ಗೇಣು ಇಳಿದಾಗ ಮನೆ ಬಿಡುತ್ತಾರೆ ಎಂದು ಅಜ್ಜಿಯನ್ನೇ ಕೇಳಿ, ಅದನ್ನೂ ಬರೆದು ಕಳಿಸಿ.

ಸಂಪಾದಕ, ಶಿರಸಿ