ಊರಿನ ಸರಾಸರಿ ಬೇಡ, ವಾರ್ಡಿನ ಲೆಕ್ಕ ಕೊಡಿ

ಪ್ರಶ್ನೆ: ಮೇಡಂ, ಯಾವ ನಗರ ಎಷ್ಟು ಸುಸ್ಥಿರ ಎಂದು ಅಂಕ ಕೊಡುವ ಪಟ್ಟಿಗಳು ಆಗಾಗ ಬರುತ್ತವೆ. ಚಿಕ್ಕಮಗಳೂರಿನಂಥ ಊರಿಗೆ ಇದರಿಂದ ಏನು ಉಪಯೋಗ? ನಮ್ಮ ಬೀದಿಯವರೇ ಏನಾದರೂ ಅಳೆಯಬಹುದೇ?
– ಶಾಲಾ ಶಿಕ್ಷಕಿ, ಚಿಕ್ಕಮಗಳೂರು

ಉತ್ತರ: ಖಂಡಿತ ಅಳೆಯಬಹುದು. ರ‍್ಯಾಂಕಿನ ಆಸೆ ಮಾತ್ರ ಬಿಡಿ. ನೀತಿ ಆಯೋಗ 2021ರಲ್ಲಿ 56 ನಗರಗಳ ಸೂಚ್ಯಂಕ ಹೊರತಂದಾಗ ಶಿಮ್ಲಾ ಮೊದಲು ಬಂತು. ಅಲ್ಲಿನ ಯಾವ ಬೀದಿಗೆ ಮೊದಲು ಪೈಪ್ ಹಾಕಬೇಕು ಅನ್ನುವುದು ಆ ಸ್ಥಾನದಿಂದ ತಿಳಿಯುವುದಿಲ್ಲ.

ನೀರನ್ನೇ ನೋಡಿ. ಒಳಚರಂಡಿ ಇರುವ ಊರಿಗೆ ತಲೆಗೆ ದಿನಕ್ಕೆ 135 ಲೀಟರ್ ಎಂಬ ಮಾನದಂಡವಿದೆ. 2011ರ ಜನಗಣತಿಯ ಸುಮಾರು 1.18 ಲಕ್ಷ ಜನಕ್ಕೆ ಹಿಡಿದರೂ ದಿನಕ್ಕೆ 1.6 ಕೋಟಿ ಲೀಟರ್ ಬೇಕು. ಯಗಚಿ ನದಿಯಿಂದ, ಹಿರೇಕೊಳಲೆ ಕೆರೆಯಿಂದ ಅಷ್ಟು ನೀರು ಬಂತು ಎಂದೇ ಇಟ್ಟುಕೊಳ್ಳೋಣ. ಸಮ ಜನಸಂಖ್ಯೆಯ ಎರಡು ವಾರ್ಡುಗಳಲ್ಲಿ ಒಂದಕ್ಕೆ 200 ಲೀಟರ್, ಇನ್ನೊಂದಕ್ಕೆ 70 ಸಿಕ್ಕರೂ ಸರಾಸರಿ 135! ಕಾಗದದಲ್ಲಿ ಊರು ಪಾಸು, ಏರಿನ ಮೇಲಿನ ಮನೆಯವರು ಟ್ಯಾಂಕರ್ ದಾರಿ ಕಾಯುತ್ತಾರೆ. ನನಗೆ ಈ ಸರಾಸರಿಯ ಮೇಲೆ ಸಿಟ್ಟಿದೆ. ಹಾಸನದಲ್ಲಿ ನಗರ ಯೋಜನೆಯ ಕೆಲಸ ಮಾಡುವಾಗ ನಾನು ಕಡತಕ್ಕಿಂತ ಮೊದಲು ಮಾತಾಡಿಸುತ್ತಿದ್ದದ್ದು ವಾಲ್ವ್ ತಿರುಗಿಸುವ ನೀರುಗಂಟಿಯನ್ನು. ಯಾವ ಬೀದಿಗೆ ನೀರು ಏರುವುದಿಲ್ಲ, ಎಲ್ಲಿ ಸೋರುತ್ತದೆ, ಎಲ್ಲವೂ ಅವರ ಬಾಯಲ್ಲಿರುತ್ತದೆ. ಬಿಲ್ಲಿನ ಲೆಕ್ಕಕ್ಕೆ ಸಿಗದ ನೀರು ಶೇ 20ರೊಳಗೆ ಇರಬೇಕೆಂದು ಕೇಂದ್ರದ 2008ರ ಮಾನದಂಡವೇ ಹೇಳುತ್ತದೆ. ಹೊಸ ಯೋಜನೆ ಕೇಳುವ ಮೊದಲು ಈ ಅಂಕಿ ಕೇಳಿ.

ನಿಮ್ಮ ಊರಿಗೆ ಇನ್ನೊಂದು ತೊಡಕಿದೆ. ಶನಿವಾರ, ಭಾನುವಾರ ಮುಳ್ಳಯ್ಯನಗಿರಿಗೆ ಬರುವವರು ಇಲ್ಲಿನ ನೀರು ಬಳಸುತ್ತಾರೆ, ಇಲ್ಲೇ ಕಸ ಬಿಡುತ್ತಾರೆ. ಜನಗಣತಿಯಲ್ಲಿ ಅವರಿಲ್ಲ. ಹಾಗಾಗಿ ಬುಧವಾರದ ಕಸ, ಸೋಮವಾರದ ಕಸ ಬೇರೆ ಬೇರೆ ತೂಗಿದರೆ ಮಾತ್ರ ಎಷ್ಟು ಗಾಡಿ, ಎಷ್ಟು ಪೌರಕಾರ್ಮಿಕರು ಬೇಕೆಂದು ಗೊತ್ತಾಗುತ್ತದೆ.

ನಿಮ್ಮ ಬೀದಿಯಲ್ಲಿ ಹತ್ತು ಮನೆಯವರು ಒಂದು ನೋಟ್‌ಬುಕ್ ಇಡಿ. ನೀರು ಬಂದ ದಿನ, ಎಷ್ಟು ಹೊತ್ತು ಬಂತು, ಎಷ್ಟು ಬಿಂದಿಗೆ ತುಂಬಿತು ಎಂದು ಬರೆಯಿರಿ. ಬೇಸಿಗೆ, ಮಳೆಗಾಲ ಎರಡೂ ಬರಲಿ. ಮಕ್ಕಳ ಕೈಲೂ ಬರೆಸಬಹುದು. ಬಸವನಹಳ್ಳಿ ಕೆರೆಗೆ ಯಾವ ಮೋರಿಗಳು ಸೇರುತ್ತವೆ ಎಂದು ನಡೆದು ನೋಡಿ ನಕ್ಷೆ ಬರೆಸಿ.

ಊರು ಮುಂದೆ ಹೇಗೆ ಬೆಳೆಯಬೇಕೆಂದು ಹೇಳುವ ಮಹಾಯೋಜನೆಯ (ಮಾಸ್ಟರ್ ಪ್ಲಾನ್) ಕರಡು ಸಾರ್ವಜನಿಕ ಆಕ್ಷೇಪಣೆಗೆ ಬಂದಾಗ ಈ ಪುಟಗಳ ಜೆರಾಕ್ಸ್ ಲಗತ್ತಿಸಿ ನಗರಾಭಿವೃದ್ಧಿ ಪ್ರಾಧಿಕಾರಕ್ಕೆ ಕೊಡಿ. ಸ್ವೀಕೃತಿಯ ಸೀಲು ಹಾಕಿಸಿಕೊಳ್ಳಲು ಮರೆಯಬೇಡಿ.